ಹೊಸ ಪ್ಯಾಡ್ ತರುವ ಮೊದಲು ಹಿಂದಿನ ಡ್ರಮ್ ಬಿಚ್ಚಿಸು

ತಮ್ಮಾ, ಸಾಲ ಮಾಡಿಯಾದರೂ ಸ್ವಂತ ಪಿಕಪ್ ಮಾಡಿಕೊಂಡೆ, ಸಂತೋಷ. ಆದರೆ ವರ್ಷ ತುಂಬುವುದರೊಳಗೆ ಮುಂದಿನ ಬ್ರೇಕ್ ಪ್ಯಾಡ್ ಎರಡು ಸಲ ಮುಗಿಯಿತು, ಡಿಸ್ಕ್ ಮೇಲೆ ಬೆರಳಿಗೆ ಸಿಗುವಂಥ ಗೀರು ಬಿತ್ತು ಎಂದು ಕಂಪನಿಯನ್ನು ಬೈಯುತ್ತಿದ್ದೀಯಂತೆ. ಪೇಟೆಯಲ್ಲಿ ನಕಲಿ ಪ್ಯಾಡ್ ಬೇಕಾದಷ್ಟಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಘಟ್ಟದ ಬುಡದ ಗ್ಯಾರೇಜಿನಲ್ಲಿ ಕೂತವನಾಗಿ ಒಂದು ಮಾತು ಹೇಳುತ್ತೇನೆ: ಹೀಗೆ ಬೇಗ ಸವೆದು ಬರುವ ಪ್ಯಾಡುಗಳಲ್ಲಿ ಹೆಚ್ಚಿನವು ಬೇರೆಯವರ ಕೆಲಸವನ್ನೂ ತಾವೇ ಮಾಡಿ ಸವೆದಿರುತ್ತವೆ. ಹಿಂದಿನ ಡ್ರಮ್ ಮಾಡಬೇಕಾದದ್ದು, ಇಂಜಿನ್ ಮಾಡಬೇಕಾದದ್ದು, ಎದುರಿಗಿರುವ ಇನ್ನೊಂದು ಪ್ಯಾಡ್ ಮಾಡಬೇಕಾದದ್ದು. ಯಾರು ಕೆಲಸ ಕದಿಯುತ್ತಿದ್ದಾರೆ ಎಂದು ಹುಡುಕದೆ ಹೊಸ ಸೆಟ್ ಹಾಕಿಸಿದರೆ ಅದಕ್ಕೂ ಅದೇ ಗತಿ.

ಮೊದಲು, ಬಿಚ್ಚಿದ ಹಳೇ ಪ್ಯಾಡನ್ನು ಗುಜರಿಗೆ ಹಾಕಲು ಬಿಡಬೇಡ. ಎಡದ್ದು ಯಾವುದು, ಬಲದ್ದು ಯಾವುದು, ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಚಾಕ್‌ಪೀಸಿನಲ್ಲಿ ಗುರುತು ಮಾಡಿ ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಇಡಿಸು. ಒಳಗಿನದು ತಗಡಿಗೆ ಬಂದು ಹೊರಗಿನದು ಇನ್ನೂ ದಪ್ಪ ಇದ್ದರೆ, ಕ್ಯಾಲಿಪರ್ ಜಾರಬೇಕಾದ ಪಿನ್ ಜಾಮ್ ಆಗಿದೆ, ಇಲ್ಲವೇ ಪಿಸ್ಟನ್ ಒಳಗೆ ಸರಿಯುತ್ತಿಲ್ಲ. ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಇದ್ದರೆ ಆಗಲೂ ಪಿನ್ ಮೇಲೇ ಗುಮಾನಿ. ಎಡ ಮುಗಿದು ಬಲ ಉಳಿದಿದ್ದರೆ ಒಂದು ಬದಿಯ ಕ್ಯಾಲಿಪರ್ ಅಥವಾ ಬ್ರೇಕ್ ಹೋಸ್ ನೋಡಬೇಕು. ಹೋಸ್ ಒಳಗೊಳಗೇ ಊದಿಕೊಂಡರೆ ಆಯಿಲ್ ಹೋಗುತ್ತದೆ, ವಾಪಸು ಬರುವುದಿಲ್ಲ, ಆ ಚಕ್ರ ಸದಾ ಹಿಡಿದುಕೊಂಡೇ ಉರುಳುತ್ತದೆ. ನಾಲ್ಕೂ ಒಂದೇ ಸಮ ಸವೆದಿದ್ದರೆ ಮಾತ್ರ ಮುಂದಿನ ಬ್ರೇಕಿನಲ್ಲಿ ದೋಷವಿಲ್ಲ. ನಿನ್ನದು ಹಾಗೇ ಇದೆ ಅಂತ ಕೇಳಿದೆ. ಹಾಗಾದರೆ ಕಳ್ಳ ಹಿಂದಿದ್ದಾನೆ, ಅಥವಾ ಸ್ಟೇರಿಂಗ್ ಹಿಡಿದು ಕೂತಿದ್ದಾನೆ.

ಹಿಂದಿನ ಆಕ್ಸಲ್ ಹತ್ತಿರ ಬಗ್ಗಿ ನೋಡು. ನಮ್ಮ ಕಡೆ ಓಡುವ ಬಹಳಷ್ಟು ಪಿಕಪ್‌ಗಳಲ್ಲಿ ಅಲ್ಲಿ ಚಾಸಿಗೆ ಕಚ್ಚಿಸಿದ ಒಂದು ಸಣ್ಣ ವಾಲ್ವ್ ಇರುತ್ತದೆ, ಅದರಿಂದ ಒಂದು ಸರಳು ಆಕ್ಸಲ್ಲಿಗೆ ಇಳಿದಿರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಅಂತಾರೆ. ಲೋಡ್ ಬಿದ್ದು ಗಾಡಿ ತಗ್ಗಿದಾಗ ಚಾಸಿಗೂ ಆಕ್ಸಲ್ಲಿಗೂ ನಡುವಿನ ಸಂದು ಕಡಿಮೆಯಾಗುತ್ತದೆ, ಸರಳು ವಾಲ್ವನ್ನು ಒತ್ತುತ್ತದೆ, ಹಿಂದಿನ ಡ್ರಮ್ಮಿಗೆ ಹೆಚ್ಚು ಪ್ರೆಶರ್ ಹೋಗುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ. ಇಲ್ಲದಿದ್ದರೆ ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಖಾಲಿ ಗಾಡಿ ಅಡ್ಡ ತಿರುಗಿ ನಿಂತೀತು. ವಾಲ್ವಿಗೆ ಲೋಡ್ ಎಷ್ಟಿದೆ ಅಂತ ಗೊತ್ತಾಗುವುದು ಆ ಸಂದಿನಿಂದ ಮಾತ್ರ.

ನೀನೇನು ಮಾಡಿದೆ? ಗಾಡಿ ಬಂದ ತಿಂಗಳಿಗೇ ಹಿಂದೆ ಎಕ್ಸ್‌ಟ್ರಾ ಪ್ಲೇಟ್ ಕೂರಿಸಿದೆ. ಎಷ್ಟು ತುಂಬಿದರೂ ಗಾಡಿ ಈಗ ಬಗ್ಗುವುದಿಲ್ಲ, ನೋಡಲು ಗಟ್ಟಿಯಾಗಿದೆ. ಆದರೆ ಬಗ್ಗದ ಗಾಡಿಯನ್ನು ಆ ವಾಲ್ವ್ ಖಾಲಿ ಗಾಡಿ ಎಂದೇ ತಿಳಿಯುತ್ತದೆ. ಎರಡು ಟನ್ ಮಾಲಿನ ಜತೆ ನೀನು ಘಟ್ಟ ಇಳಿಯುತ್ತಿರುವಾಗ ಹಿಂದಿನ ಡ್ರಮ್ಮಿಗೆ ಖಾಲಿ ಗಾಡಿಯ ಪ್ರೆಶರ್. ಉಳಿದದ್ದೆಲ್ಲ ಮುಂದಿನ ಎರಡು ಡಿಸ್ಕ್ ತಲೆ ಮೇಲೆ. ಪ್ಲೇಟ್ ಕೂರಿಸುವವರು ಈ ಸರಳಿನ ಅಡ್ಜಸ್ಟ್‌ಮೆಂಟ್ ಮುಟ್ಟುವುದಿಲ್ಲ, ಕೆಲವರು ಅಡ್ಡ ಬಂತು ಎಂದು ಬಿಚ್ಚಿ ತಂತಿಯಲ್ಲಿ ಕಟ್ಟಿಬಿಡುವುದೂ ಉಂಟು. ನನ್ನನ್ನು ಕೇಳಿದರೆ ಹೆಚ್ಚುವರಿ ಪ್ಲೇಟ್ ತೆಗೆಸಿ, ಆರ್‌ಸಿಯಲ್ಲಿ ಬರೆದಷ್ಟೇ ಲೋಡ್ ಹಾಕು. 2019ರ ತಿದ್ದುಪಡಿಯ ಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಒಂದು ಸಲ ಸಿಕ್ಕಿಬಿದ್ದರೆ ಹಲವು ಟ್ರಿಪ್ಪಿನ ಲಾಭ ಹೋಯಿತು.

ಹಿಂದಿನ ಡ್ರಮ್ಮಿನದು ಬೇರೆಯೇ ಕಥೆ. ನೀನು ಮೇಲೆ ಹೋಗುವಾಗ ಮಂಗಳೂರು ದಕ್ಕೆಯ ಮೀನು, ಕೆಳಗೆ ಬರುವಾಗ ಚಿಕ್ಕಮಗಳೂರಿನ ತರಕಾರಿ. ಮೀನಿನ ಕ್ರೇಟಿನಿಂದ ಐಸ್ ಕರಗಿ ಇಳಿಯುವ ಉಪ್ಪುನೀರು ಬಾಡಿಯ ಸಂದಿನಿಂದ ನೇರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಡ್ರಮ್ ಒಳಗೆ ಲೈನರ್ ಸವೆದಂತೆ ಸಂದು ಮುಚ್ಚುವ ಅಡ್ಜಸ್ಟರ್ ಇದೆ, ಅದು ತುಕ್ಕು ಹಿಡಿದು ನಿಂತರೆ ಪೆಡಲ್ ಒತ್ತಿದ್ದರಲ್ಲಿ ಅರ್ಧ ಈ ಸಂದು ತುಂಬುವುದಕ್ಕೇ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ತುಂಬಾ ಮೇಲಕ್ಕೆ ಎಳೆದ ಮೇಲೇ ಹಿಡಿಯುತ್ತಿದೆಯೇ? ಹಾಗಿದ್ದರೆ ಕೇಬಲ್ ಎಳೆಸಿ ಮುಗಿಸಬೇಡ, ಡ್ರಮ್ ಬಿಚ್ಚಿಸು. ಮೀನು ಇಳಿಸಿದ ದಿನ ಬಾಡಿ ತೊಳೆಯುತ್ತೀಯಲ್ಲ, ಅಡಿಗೂ ಸಿಹಿನೀರು ಹೊಡೆಸು.

ಇನ್ನು ಸ್ಟೇರಿಂಗ್ ಹಿಡಿದವನ ವಿಷಯ. ಲೆಕ್ಕ ಕೇಳು. ಮಾಲು ಸೇರಿ 3 ಟನ್ ತೂಗುವ ಗಾಡಿ 600 ಮೀಟರ್ ಎತ್ತರದಿಂದ ಇಳಿದು, ಅಷ್ಟನ್ನೂ ಬರೀ ಬ್ರೇಕಿನಲ್ಲೇ ತಡೆದರೆ ಹುಟ್ಟುವ ಬಿಸಿಗೆ ಸುಮಾರು 50 ಲೀಟರ್ ತಣ್ಣೀರು ಕುದಿ ಬರುತ್ತದೆ. ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಆ ಬಿಸಿಯನ್ನೆಲ್ಲ ನಿನ್ನ ಡಿಸ್ಕ್ ಮತ್ತು ಡ್ರಮ್ಮೇ ನುಂಗಿ, ಗಾಳಿಗೆ ಬಿಡಬೇಕು. ಡಿಸ್ಕ್ ಮೇಲೆ ನೀಲಿ ಮಚ್ಚೆ ಕಂಡರೆ ಅದು ಸುಟ್ಟ ಗುರುತು. ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ಪಿಕಪ್ಪಿಗೆ ಅದಿಲ್ಲ. ನಿನಗಿರುವುದು ಗೇರ್ ಒಂದೇ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕು, ನಡುವೆ ತಡಕಾಡಬೇಡ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸು, ಆಮೇಲೆ ಪೂರ್ತಿ ಬಿಡು. ಘಟ್ಟದುದ್ದಕ್ಕೂ ಕಾಲನ್ನು ಪೆಡಲ್ ಮೇಲೆ ಹಗುರವಾಗಿ ಇಟ್ಟುಕೊಂಡು ಬರುವವನ ಪ್ಯಾಡಿಗೆ ಉಸಿರಾಡಲು ಪುರುಸೊತ್ತೇ ಇಲ್ಲ.

ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ನಿನಗೂ ಅಂಟಿದೆ ಅಂತ ನಿನ್ನ ಕ್ಲೀನರ್ ಹುಡುಗ ಬಾಯಿಬಿಟ್ಟ. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಗೇರ್ ಹಾಕಿಟ್ಟು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರೇ ಡೀಸೆಲ್ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಐಡ್ಲಿಂಗ್‌ನಲ್ಲಿ ಡೀಸೆಲ್ ಕುಡಿಯಲು ಶುರುಮಾಡುತ್ತದೆ. ಅಂದರೆ ಡೀಸೆಲ್ಲೂ ಹೋಯಿತು, ಪ್ಯಾಡೂ ಹೋಯಿತು. ಇನ್ನು ಕೀ ಆಫ್ ಮಾಡಿ ಇಳಿಸುವವರ ಬಗ್ಗೆ ನಾನು ಮಾತೇ ಆಡುವುದಿಲ್ಲ. ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ.

ಕೆಳಗಿಳಿದ ಕೂಡಲೇ ಹಳ್ಳದಿಂದ ನೀರು ತಂದು ಚಕ್ರಕ್ಕೆ ಎರಚುತ್ತೀರಲ್ಲ, ಅದನ್ನೂ ಬಿಡಿ. ಕೆಂಡದಂತಿರುವ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಸೊಟ್ಟಗಾಗಬಹುದು. ಬಿಸಿ ಡಿಸ್ಕ್ ಮೇಲೆ ಪೆಡಲ್ ಒತ್ತಿ ಹಿಡಿದು ನಿಲ್ಲುವುದೂ ಬೇಡ, ಪ್ಯಾಡಿನ ಪುಡಿ ಒಂದೇ ಕಡೆ ಅಂಟಿ ಮುಂದೆ ಪ್ರತಿ ಸಲ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗುತ್ತದೆ. ಎಲ್ಲರೂ ಅದನ್ನು ಡಿಸ್ಕ್ ಬೆಂಡ್ ಎಂದು ಕರೆದು ಹೊಸದು ಹಾಕಿಸುತ್ತಾರೆ. ಮಟ್ಟಸದ ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ ಒಂದು ಚಹಾ ಕುಡಿ, ಸಾಕು.

ಬ್ರೇಕ್ ಆಯಿಲ್ ಬಗ್ಗೆಯೂ ಒಂದು ಮಾತು. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ಹೊಸ ಡಾಟ್ 4 ಆಯಿಲ್ ಕುದಿಯುವುದು ಕಡಿಮೆಯೆಂದರೂ 230 ಡಿಗ್ರಿಗೆ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸು, ಮೇಲಿನಿಂದ ಟಾಪ್‌ಅಪ್ ಮಾಡಿ ಕೈತೊಳೆದುಕೊಳ್ಳಬೇಡ.

ಗ್ಯಾರೇಜಿನಲ್ಲಿ ನಿಂತು ಕೆಲಸ ಮಾಡಿಸು. ಕ್ಯಾಲಿಪರ್ ಪಿನ್ ತೆಗೆದು ತೊಳೆದು, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು. ಚಾಸಿಗೆ ಹೊಡೆಯುವ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮತ್ತೆ ಜಾಮ್. ಈ ಕೆಲಸಕ್ಕೆ ಯಾರೂ ಬೇರೆ ಕೂಲಿ ಕೊಡುವುದಿಲ್ಲ, ಅದಕ್ಕೇ ಹುಡುಗರು ಮಾಡುವುದೂ ಇಲ್ಲ. ನೀನಾಗಿ ಕೇಳಿ ಕೊಡು. ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯ ಮೇಲೋ ಕನಿಷ್ಠ ದಪ್ಪ ಕೊರೆದಿರುತ್ತದೆ, ಲೇತ್‌ಗೆ ಹಾಕುವ ಮೊದಲು ಅದನ್ನು ಓದಿಸು. ಅದಕ್ಕಿಂತ ತೆಳುವಾದರೆ ಸ್ಕಿಮ್ಮಿಂಗ್ ಮಾಡಿಸದೆ ಹೊಸದೇ ಹಾಕಿಸು. ವೀಲ್ ನಟ್ಟನ್ನು ಗನ್ನಿನಲ್ಲಿ ಒಂದೇ ಸಮ ಬಿಗಿದು ಬಿಡಲು ಬಿಡಬೇಡ, ಎದುರುಬದುರು ನಟ್ ಹಿಡಿದು ಹಂತಹಂತವಾಗಿ ಬಿಗಿಸು. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ 200–300 ಕಿಲೋಮೀಟರ್ ಬಯಲಿನಲ್ಲೇ ಓಡಿಸು, ಅಂದೇ ಘಟ್ಟಕ್ಕೆ ಲೋಡ್ ಹಿಡಿಯಬೇಡ.

ಈ ಭಾನುವಾರ ಗಾಡಿ ಖಾಲಿ ಮಾಡಿಕೊಂಡು ಬೆಳಿಗ್ಗೆಯೇ ಬಾ. ಹೊಸ ಪ್ಯಾಡ್ ತರಬೇಡ. ಮೊದಲು ಹಿಂದಿನ ಎರಡೂ ಡ್ರಮ್ ಬಿಚ್ಚೋಣ, ಆ ವಾಲ್ವಿನ ಸರಳು ಎಲ್ಲಿದೆ ನೋಡೋಣ, ಪ್ಯಾಡಿನ ಮಾತು ಆಮೇಲೆ.