ಖಾಕಿಯ ಕೆಳಗಿನ ಋಣಭಾರ

ಕಪಿಲೆಯ ದಡದ ನಂಜನಗೂಡಿನಲ್ಲಿಯೂ, ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿಯೂ ಪೊಲೀಸ್ ಸೇವೆಯ ಬಹುಭಾಗವನ್ನು ಕಳೆದು ನಿವೃತ್ತನಾದ ನನಗೆ, ಪೊಲೀಸರ ಸಂಕಟಗಳಲ್ಲೆಲ್ಲ ಅತ್ಯಂತ ಗೂಢವಾದುದು ಸಾಲವನ್ನು ಮುಚ್ಚಿಟ್ಟುಕೊಂಡು ಬಾಳುವುದೇ ಎಂಬುದು ಮನದಟ್ಟಾಗಿದೆ. ಠಾಣೆಯ ರೈಟರನಾಗಿ ಕುಳಿತ ವರ್ಷಗಳಲ್ಲಿ, ಬ್ಯಾಂಕುಗಳಿಂದಲೂ ಸಹಕಾರ ಸಂಘಗಳಿಂದಲೂ ಬರುತ್ತಿದ್ದ ವಸೂಲಿ ಪತ್ರಗಳು ನನ್ನ ಕೈ ಹಾಯ್ದೇ ಹೋಗುತ್ತಿದ್ದುದರಿಂದ, ಊರೆಲ್ಲ ಅಂಜುತ್ತಿದ್ದ ದೃಢಕಾಯರು ಅಂಚೆಯವನನ್ನು ಕಂಡು ಅಂಜುವುದನ್ನು ನಾನು ಬಲ್ಲೆ.

ಸಂಬಳ ಸಾಲದುದರಿಂದಲೇ ಈ ಋಣವೆಂದು ಹೊರಗಿನವರು ಎಣಿಸುವುದು ಸಹಜ. ಪೊಲೀಸರ ವೇತನದ ಬಗ್ಗೆ ರಾಘವೇಂದ್ರ ಔರಾದ್ಕರ್ ಸಮಿತಿ 2016ರಲ್ಲಿ ಒಪ್ಪಿಸಿದ ವರದಿ 2019ರ ಆಗಸ್ಟಿನಿಂದ ಜಾರಿಗೆ ಬಂದಾಗ, ಹಿರಿಯರಿಗೆ ಅದರ ಫಲ ಪೂರ್ಣವಾಗಿ ದಕ್ಕಲಿಲ್ಲವೆಂಬ ಕೊರಗು ಉಳಿದರೂ, ವೇತನವೇನೋ ಏರಿತು, ಸಾಲ ಇಳಿಯಲಿಲ್ಲ. ನಾನು ಕಂಡಂತೆ ಪೊಲೀಸನಿಗೆ ಹಣಕ್ಕಿಂತ ಮೊದಲು ಬರಿದಾಗುವುದು ಕಾಲ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, 1989ರಿಂದ ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆದುಬಂದಿರುವ ಕುಂಭಮೇಳ, ತಲಕಾಡಿನ ಪಂಚಲಿಂಗ ದರ್ಶನ, ಇವುಗಳ ನಡುನಡುವೆ ಚುನಾವಣೆಗಳು. ವಾರದ ರಜೆ ಬಂದೋಬಸ್ತಿನಲ್ಲಿ ಕರಗಿಹೋಗುತ್ತದೆ. ಬ್ಯಾಂಕು ತೆರೆದಿರುವ ಹೊತ್ತಿನಲ್ಲಿ ಅವನಿಗೆ ಬಿಡುವಿಲ್ಲ. ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ ಹಾಕುವ ಕೈಸಾಲದವನಾದರೋ ರಾತ್ರಿ ಹತ್ತಕ್ಕೂ ಸಿಕ್ಕುತ್ತಾನೆ. ಮಕ್ಕಳ ಓದಿಗೆಂದು ಮೈಸೂರಿನಲ್ಲೊಂದು ಮನೆ, ತನಗೆ ಇಲ್ಲೊಂದು ಕೋಣೆ, ಗೆಳೆಯನ ಸಾಲಕ್ಕೆ ನಿಂತ ಜಾಮೀನು. ಆ ಗೆಳೆಯ ಕಂತು ತಪ್ಪಿಸಿದ ದಿನ ಇವನ ಸಂಬಳಕ್ಕೆ ಕತ್ತರಿ.

ಸರ್ಕಾರಿ ನೌಕರನು ಸದಾ ಸಾಲಗಾರನಾಗಿರಕೂಡದೆಂದು ನಡತೆ ನಿಯಮಗಳು ವಿಧಿಸಿರುವುದರಿಂದ, ಈ ವ್ಯಥೆಯನ್ನು ಮೇಲಧಿಕಾರಿಗೆ ಹೇಳುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತೆ ಎಂಬ ಭೀತಿ ಅವನದು. ಮಡದಿಗೂ ಹೇಳನು. ನಿದ್ರೆ ಕೆಡುತ್ತದೆ, ಕುಡಿತ ಹತ್ತುತ್ತದೆ, ಠಾಣೆಗೆ ಬಂದ ಬಡವನ ಮೇಲೆ ನಿಷ್ಕಾರಣವಾಗಿ ಕೂಗಾಡುತ್ತಾನೆ. ಸಾಲ ಕೊಟ್ಟ ವರ್ತಕನ ಮೇಲೆಯೇ ದೂರು ಬಂದರೆ ಅವನ ಲೇಖನಿ ತಡೆಯುತ್ತದೆ. ಆದುದರಿಂದ ಇದು ಅವನೊಬ್ಬನ ಮನೆವಾರ್ತೆಯಲ್ಲ.

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸಿನವರ ಕಾಟಕ್ಕೆ ಬೆದರಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವ ಸುಗ್ರೀವಾಜ್ಞೆಗೆ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದಾಗ, ನರಸೀಪುರದ ಸಂಗಮದಲ್ಲಿ ಕುಂಭಮೇಳದ ಕಡೆಯ ದಿನದ ಬಂದೋಬಸ್ತು ನಡೆದಿತ್ತು. ಹಳ್ಳಿಯವರ ದೂರನ್ನು ಬರೆದುಕೊಳ್ಳಬೇಕಾದ ಪೇದೆಗಳಲ್ಲಿ ಎಷ್ಟು ಮಂದಿಗೆ ಕಂತಿನ ದಿನದ ಎದೆಬಡಿತ ಸ್ವಾನುಭವವಾಗಿತ್ತೆಂಬುದನ್ನು ಯಾರೂ ಕೇಳಲಿಲ್ಲ.

ನಾನಿನ್ನೂ ಸೇವೆಯಲ್ಲಿದ್ದಾಗ ನನ್ನ ಕಿರಿಯ ಸಹೋದ್ಯೋಗಿಯೊಬ್ಬ, "ಅಣ್ಣಾ, ಸಂಬಳ ಬಂತು ಅನ್ನೋದ್ರೊಳಗೆ ಹೋಗ್ಬುಟ್ಟಿರ್ತದೆ" ಎಂದು ಒಂದು ರಾತ್ರಿ ಪಾಳಿಯಲ್ಲಿ ಬಾಯಿಬಿಟ್ಟನು. ಮಾರನೆಯ ದಿನ ಅವನ ಮನೆಗೆ ಹೋಗಿ, ಮಡದಿಯನ್ನೂ ಕೂರಿಸಿಕೊಂಡು, ಇದ್ದ ಸಾಲಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬಡ್ಡಿಯ ಸಹಿತ ಬರೆಯಿಸಿದೆನು. ಆಕೆ ಓದಿ, "ಇಷ್ಟೇಯಾ ಅಣ್ಣಾ? ನಾನು ಇನ್ನೇನೋ ಅಂದ್ಕೊಂಡು ಒಳಗೊಳಗೇ ಸಾಯ್ತಿದ್ದೆ" ಎಂದು ಅತ್ತಳು. ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಆರಂಭವಾಗಿ ಇಂದು ಕೆಜಿಐಡಿ ಎನಿಸಿಕೊಂಡಿರುವ ಸರ್ಕಾರಿ ವಿಮೆಯ ಪಾಲಿಸಿಯ ಮೇಲೆ ಸಾಲ ಸಿಕ್ಕುವುದೆಂಬುದೇ ಅವನಿಗೆ ತಿಳಿದಿರಲಿಲ್ಲ. ಅದನ್ನೂ ಸಹಕಾರ ಸಂಘದ ಸಾಲವನ್ನೂ ಪಡೆದು ಕೈಸಾಲಗಳನ್ನು ಮೊದಲು ತೀರಿಸಿದೆವು. ಉಳಿದುದು ಕಂತಿಗೆ ಬಂತು. ಸಾಲ ಪೂರ್ತಿ ಹರಿಯಲು ವರ್ಷಗಳೇ ಹಿಡಿದವು, ಆದರೆ ಅವನಿಗೆ ನಿದ್ರೆ ಆ ವಾರವೇ ಬಂದಿತು. ಆಮೇಲೆ ಇನ್ನೂ ಕೆಲವರು ತಾವಾಗಿ ಹಾಳೆ ಹಿಡಿದು ಬಂದರು. ಎಲ್ಲರಿಗೂ ದಾರಿ ಕಾಣಿಸಲು ನನ್ನಿಂದಾಗಲಿಲ್ಲ.

2006ರ ಏಪ್ರಿಲ್‌ನಿಂದೀಚೆಗೆ ಸೇರಿದವರಿಗೆ ನಮಗಿದ್ದ ಹಳೆಯ ಪಿಂಚಣಿಯ ಆಸರೆಯಿಲ್ಲ. ಆದುದರಿಂದ ಅವರ ವಿಷಯದಲ್ಲಿ ನನಗೆ ಕಳವಳ ಹೆಚ್ಚು. ಪ್ರತಿ ವರ್ಷ ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಂದು ಧ್ವಜ ಮಾರಿ ಕೂಡಿಸುವ ಕಲ್ಯಾಣ ನಿಧಿಯಿಂದ, ಇಲಾಖೆಯು ಪ್ರತಿ ಉಪವಿಭಾಗಕ್ಕೆ ಲೆಕ್ಕ ಬಲ್ಲ ಒಬ್ಬ ನಿವೃತ್ತನನ್ನಾದರೂ ನೇಮಿಸಲಿ; ಅವನೆದುರು ಸಾಲವನ್ನು ಹೇಳಿಕೊಂಡ ಪೇದೆಯ ಸೇವಾಪುಸ್ತಕದಲ್ಲಿ ಅದರ ಒಂದಕ್ಷರವೂ ಬೀಳದಿರಲಿ.