ಮಂದಿ ಎಣಿಸಬೇಡಿ, ಅಕ್ಕಿ ಅಳೆಯಿರಿ

ಗದಗ-ಬೆಟಗೇರಿಯ ಅಂಗಡಿಗಳಲ್ಲಿ ರೈಸ್ ಕುಕ್ಕರ್ ಕೇಳಿದರೆ ಮೊದಲ ಪ್ರಶ್ನೆಯೇ, "ಮನ್ಯಾಗ ಎಷ್ಟ ಮಂದಿ ಅದೀರ್ರಿ?" ಐದು ಎಂದರೆ ಸಾಕು, 1.8 ಲೀಟರಿನ ಡಬ್ಬಿ ಕೆಳಗಿಳಿಯುತ್ತದೆ. ಮೂರು ಹೊತ್ತೂ ಅನ್ನ ಉಣ್ಣುವ ಊರಿಗೆ ಆ ಲೆಕ್ಕ ಸರಿ. ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಮುಗಿಸಿ ಕಡೆಗೊಂದು ಸೌಟು ಅನ್ನ-ಸಾರು ಬಡಿಸಿಕೊಳ್ಳುವ ನಮ್ಮ ಕಡೆಗೆ ಅದು ಹೊಂದುವುದಿಲ್ಲ. ಕುಕ್ಕರ್ ಕೆಲವೇ ದಿನಗಳಲ್ಲಿ ಅಟ್ಟ ಸೇರುತ್ತದೆ, "ತಳ ಹತ್ತತೈತಿ" ಎಂಬ ದೂರು ಕಂಪನಿಯ ತಲೆಗೆ ಬರುತ್ತದೆ.

ಬಹಳ ಸಲ ತಪ್ಪು ಕಂಪನಿಯದಲ್ಲ. ಬಟ್ಟಲಿನ ಕೆಳಗೆ ನಡುಮಧ್ಯ ಒಂದು ಅಯಸ್ಕಾಂತವಿರುತ್ತದೆ. ನೀರು ಇರುವ ತನಕ ತಳದ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಇಂಗಿದೊಡನೆ ಬಿಸಿ ಏರಿ ಅಯಸ್ಕಾಂತ ಹಿಡಿತ ಬಿಡುತ್ತದೆ, ಗುಂಡಿ ಟಕ್ ಎಂದು ಮೇಲೇಳುತ್ತದೆ. ಅಗಲ ಬಟ್ಟಲಿನಲ್ಲಿ ಒಂದೇ ಲೋಟ ಅಕ್ಕಿ ತೆಳ್ಳಗೆ ಹರಡಿದರೆ ನೀರು ಬೇಗ ಆವಿಯಾಗಿ, ಮೇಲಿನ ಅಗಳು ಬೇಯುವ ಮೊದಲೇ ತಳ ಕಂದುತ್ತದೆ. ಗುಂಡಿ ಎದ್ದಿತಲ್ಲ ಎಂದು ಚಮಚ ಸಿಕ್ಕಿಸಿ ಅದುಮಿ ಹಿಡಿಯುವವರಿದ್ದಾರೆ. ಖಂಡಿತ ಬೇಡ. ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಟ್ಟರೆ ಸಾಕು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯ ಅಕ್ಕಿಯ ಲೆಕ್ಕ ಹಿಡಿಯಿರಿ. ಗಂಗಾವತಿ ಸೋನಾ ಮಸೂರಿಯೋ ರೇಷನ್ ಅಕ್ಕಿಯೋ, ಒಂದು ಕೆ.ಜಿ. ಬೇರೆ ತೆಗೆದಿಟ್ಟು ಎಷ್ಟು ಹೊತ್ತಿಗೆ ತೀರುತ್ತದೆ ನೋಡಿ. ನಾಲ್ಕು ಹೊತ್ತು ಬಂದರೆ ನಿಮ್ಮ ಅಳತೆ 250 ಗ್ರಾಂ. ರೊಟ್ಟಿಯ ಮನೆಯಲ್ಲಿ ತಲೆಗೆ ಹೊತ್ತಿಗೆ 60-75 ಗ್ರಾಂ, ಬರೀ ಅನ್ನದವರಿಗೆ ಅದರ ಇಮ್ಮಡಿ ಎಂಬುದು ನನ್ನ ಅಂದಾಜು. ಬೆಳಗಿನ ಚಿತ್ರಾನ್ನಕ್ಕೆ ಹೆಚ್ಚು ಹಾಕುವವರಾದರೆ ಆ ಹೊತ್ತಿನದನ್ನೇ ಹಿಡಿಯಿರಿ.

ಎಲ್ಲರೂ ಎಡವುವುದು ಲೀಟರಿನಲ್ಲಿ. ಡಬ್ಬಿಯ ಮೇಲಿನ 1.8 ಲೀಟರ್ ಯಾವುದರ ಅಳತೆ? ಒಂದು ಕಂಪನಿಗೆ ಅದು ಹಸಿ ಅಕ್ಕಿ, ಇನ್ನೊಂದಕ್ಕೆ ಬೆಂದ ಅನ್ನ, ಮತ್ತೊಂದಕ್ಕೆ ಬಟ್ಟಲಿನ ಕಂಠಮಟ್ಟ. ಅಂಕಿಯ ಮೂಲ ಜಪಾನು. ಅಲ್ಲಿನ ಅಕ್ಕಿಯ ಅಳತೆ 'ಗೋ' ಎಂದರೆ 180 ಮಿ.ಲೀ., ಅಂಥ ಹತ್ತು ಸೇರಿದರೆ 1.8 ಲೀಟರ್. ತೋಶಿಬಾ 1955ರಲ್ಲಿ ತಾನೇ ಆರುವ ವಿದ್ಯುತ್ ಕುಕ್ಕರ್ ಮಾರುಕಟ್ಟೆಗೆ ತಂದಿತು, ಕುಕ್ಕರಿನ ಜೊತೆಗೆ ಆ ಅಳತೆಯೂ ಲೋಕ ಸುತ್ತಿತು. ಹಸಿ ಅಕ್ಕಿಯೇ 1.8 ಲೀಟರ್ ಎಂದರೆ ಸುಮಾರು ಒಂದೂವರೆ ಕೆ.ಜಿ. ಬಟ್ಟಲೇ 1.8 ಲೀಟರ್ ಎಂದರೆ, ಒಂದಕ್ಕೆ ಎರಡು ನೀರು ಹಾಕಿ ನೊರೆ ಉಕ್ಕಲು ಜಾಗ ಬಿಟ್ಟ ಮೇಲೆ, ಹಿಡಿಸುವುದು 400 ಗ್ರಾಮಿನೊಳಗೆ. ಒಂದೇ ಅಂಕಿ, ನಾಲ್ಕು ಪಟ್ಟು ಅಂತರ!

ಅದಕ್ಕೇ ಡಬ್ಬಿ ಬಿಚ್ಚಿಸಿ. ಒಳಬಟ್ಟಲಿನ ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನ ಅಂಕಿ ಎಂದರೆ ಅಷ್ಟು ಲೋಟ ಅಕ್ಕಿ. ಜೊತೆಗೆ ಕೊಡುವ ಲೋಟದ ಮೇಲೆ ಎಷ್ಟು ಮಿ.ಲೀ. ಎಂದು ಬರೆದಿದೆಯೋ ನೋಡಿ. 180 ಇದ್ದರೆ ಲೋಟಕ್ಕೆ 150 ಗ್ರಾಂ, 140 ಇದ್ದರೆ 115ರ ಹತ್ತಿರ. ಗೆರೆ ಇಲ್ಲದಿದ್ದರೆ ಒಂದು ಲೀಟರ್ ನೀರಿನ ಬಾಟಲಿ ಒಯ್ದು ಅಲ್ಲೇ ಸುರಿದು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು.

ಒಂದು ಹೊತ್ತಿನ ಅಕ್ಕಿ ಕುಕ್ಕರಿನ ಪೂರ್ಣ ಅಳತೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು, ಮುಕ್ಕಾಲು ದಾಟಲೂಬಾರದು. ನಾಲ್ಕೈದು ಮಂದಿಯ ರೊಟ್ಟಿ ಮನೆಗೆ ನಾಲ್ಕೈದು ಲೋಟದ್ದು ಧಾರಾಳ. ಬೆಟಗೇರಿಯ ನೇಕಾರರ ಕೂಡು ಕುಟುಂಬಗಳಲ್ಲಿ ಎಂಟು-ಹತ್ತು ಜನ ಇರುತ್ತಾರೆ, ಮಗ್ಗ ಬಿಟ್ಟು ಸೀಟಿ ಎಣಿಸಲು ಪುರಸೊತ್ತಿಲ್ಲ. ಅಲ್ಲಿ ಎಂಟು ಲೋಟದ್ದು ಬೇಕು. ಜಿಮ್ಸ್ ವೈದ್ಯಕೀಯ ಕಾಲೇಜು ಅಥವಾ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುತ್ತ ಇಬ್ಬರು ಕೂಡಿ ರೂಮು ಮಾಡಿದವರಿಗೆ ಮೂರು ಲೋಟದ್ದು ಸಾಕು.

"ಜಾತ್ರಿಗೆ ಬೀಗರು ಬಂದ್ರ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವರ್ಷಕ್ಕೆರಡು ಸಲ ಬರುವ ಬೀಗರಿಗಾಗಿ ದಿನಾ ತಳ ಹತ್ತಿದ ಅನ್ನ ಉಣ್ಣಬೇಕೆ? ಅಂದು ಬೋಗುಣಿಯಲ್ಲಿ ಬಸಿಯಿರಿ, ಇಲ್ಲವೇ ಎರಡು ಸಲ ಇಡಿ.

ಜಾಗ ಸಾಲದು, ಉಳಿದದ್ದು ಚುಟುಕಾಗಿ. 700 ವಾಟಿನದು ದಿನಕ್ಕೆರಡು ಸಲ ಅರ್ಧರ್ಧ ತಾಸು ಉರಿದರೆ ತಿಂಗಳಿಗೆ 21 ಯೂನಿಟ್. ಗೃಹಜ್ಯೋತಿ ಫಲಾನುಭವಿಗಳು ಹೆಸ್ಕಾಂ ಬಿಲ್ಲಿನಲ್ಲಿ ತಮ್ಮ ಉಚಿತ ಮಿತಿ ನೋಡಿಕೊಳ್ಳಲಿ, ಮೀರಿದ್ದಕ್ಕೆ ಹಣ ಕಟ್ಟಬೇಕು. ಹೊಲದ ಮನೆಗಳಲ್ಲಿ ವೋಲ್ಟೇಜ್ ಇಳಿದರೆ ಅನ್ನ ತಡವಾಗುತ್ತದೆ, ಕುಕ್ಕರ್ ಕೆಟ್ಟಿಲ್ಲ. ಬಟ್ಟಲಿನ ಹೊರತಳ ಒರೆಸದೆ ಇಡಬೇಡಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಇರಲಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಕೊಳ್ಳುವಾಗಲೇ ಸರ್ವಿಸ್ ಸೆಂಟರ್ ಗದಗಿನಲ್ಲಿದೆಯೋ ಹುಬ್ಬಳ್ಳಿಗೆ ಹೋಗಬೇಕೋ ಕೇಳಿ, ಗ್ಯಾರಂಟಿ ಕಾರ್ಡಿಗೆ ಸಿಕ್ಕಾ ಹಾಕಿಸಿಕೊಳ್ಳಿ.