ಒಂದು ಸಿಮ್, ಐದು ಬಾಯಿ

ಶಿರಸಿ ಸೀಮೆಯ ಹಳ್ಳಿಮನೆಯಲ್ಲಿ ಕೂತು ಪುಸ್ತಕಗಳ ಪುಟವಿನ್ಯಾಸ ಮಾಡುವುದು ನನ್ನ ಕಸುಬು. ನಮ್ಮ ಕೇರಿಗೆ ಫೈಬರ್ ಬಂದಿಲ್ಲ. ಬಂದ ಕೇರಿಗಳಲ್ಲೂ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಅದು ಮತ್ತೆ ಕೂಡುವ ಹೊತ್ತಿಗೆ ಶ್ರಾವಣ ಬಂದಿರುತ್ತದೆ. ಹಾಗಾಗಿ ಕೈಯ ಫೋನು, ಕೆಲಸದ ಲ್ಯಾಪ್‌ಟಾಪು, ಪ್ರೂಫ್ ಓದುವ ಟ್ಯಾಬು, ಹಳೆಯದೊಂದು ಫೋನು, ಜಗಲಿಯ ಟಿವಿ, ಇಷ್ಟೂ ಒಂದೇ ಸಿಮ್ಮಿನ ಒಂದೇ ಪ್ಯಾಕಿನಲ್ಲಿ ಬದುಕಬೇಕು. ‘ನೆಟ್ ಸಾಲದಿದ್ದರೆ ದೊಡ್ಡ ಪ್ಯಾಕ್ ಹಾಕಿಸು’ ಎಂದು ಪೇಟೆಯ ಸ್ನೇಹಿತರು ಸಲೀಸಾಗಿ ಹೇಳುತ್ತಾರೆ. ಎಷ್ಟು ದೊಡ್ಡದು ಹಾಕಿಸಿದರೂ ಈ ಐದೂ ಸೇರಿ ಅದನ್ನು ಮಧ್ಯಾಹ್ನದೊಳಗೆ ಮುಗಿಸಬಲ್ಲವು. ತಾವು ಹಂಚಿಕೊಂಡು ಉಣ್ಣುತ್ತಿದ್ದೇವೆ ಎಂಬುದೇ ಅವುಗಳಿಗೆ ಗೊತ್ತಿಲ್ಲ. ಅದನ್ನು ಒಂದೊಂದಕ್ಕೂ ಹೇಳಿಕೊಡುವ ಬಗೆ ಇಲ್ಲಿದೆ.

1. ಹಾಟ್‌ಸ್ಪಾಟ್ ಉಳಿದವರ ಕಣ್ಣಿಗೆ ಬರೀ ವೈಫೈ

ಸಿಮ್ ಇರುವ ಫೋನಿಗೆ ತಾನು ಮೊಬೈಲ್ ಡೇಟಾ ಮೇಲಿದ್ದೇನೆ ಎಂಬ ಅರಿವಿರುತ್ತದೆ. ಅದರಲ್ಲಿ ವಾಟ್ಸಾಪ್ ವಿಡಿಯೋಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ, ಪ್ಲೇಸ್ಟೋರ್ ಅಪ್‌ಡೇಟುಗಳನ್ನು ಬದಿಗಿಟ್ಟಿರುತ್ತದೆ, ಫೋಟೋ ಬ್ಯಾಕಪ್ಪು ವೈಫೈ ಸಿಗಲಿ ಎಂದು ಕಾದಿರುತ್ತದೆ. ಆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಟ್ಯಾಬನ್ನೋ ಲ್ಯಾಪ್‌ಟಾಪನ್ನೋ ಸೇರಿಸಿ ನೋಡಿ. ಅವುಗಳ ತೆರೆಯ ಮೂಲೆಯಲ್ಲಿ ಮೂಡುವುದು ವೈಫೈ ಗುರುತು. ತಿಂಗಳಿಡೀ ಕಾದು ಕೂತ ಕೆಲಸಗಳೆಲ್ಲ ಒಮ್ಮೆಲೇ ಮೈಕೊಡವಿ ಏಳುತ್ತವೆ.

ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದು ಆಂಡ್ರಾಯ್ಡ್ ಸೇರಿದರೆ ‘ಇದು ಅಳತೆಯ ನೆಟ್ಟು’ ಎಂಬ ಸಣ್ಣದೊಂದು ಸುಳಿವು ಒಳಗಿನಿಂದಲೇ ದಾಟುತ್ತದೆ, ನಿಜ. ಅದನ್ನೇ ನಂಬಿ ಕೂರುವುದು ನನ್ನ ಪದ್ಧತಿಯಲ್ಲ. ಟ್ಯಾಬಿನಲ್ಲಿ ಆ ವೈಫೈ ಹೆಸರಿನ ವಿವರಕ್ಕೆ ಹೋಗಿ ‘ಮೀಟರ್ಡ್’ ಎಂದು ಕೈಯಾರೆ ಆರಿಸುತ್ತೇನೆ. ಐಪ್ಯಾಡ್, ಐಫೋನುಗಳಲ್ಲಿ ಅದೇ ಜಾಗದಲ್ಲಿ ‘ಲೋ ಡೇಟಾ ಮೋಡ್’ ಇರುತ್ತದೆ. ಆಮೇಲೆ ಆ್ಯಪ್‌ಗಳ ಸರದಿ. ವಾಟ್ಸಾಪ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ ವಿಭಾಗದಲ್ಲಿ ಮೊಬೈಲ್ ಡೇಟಾಕ್ಕೆ ಒಂದು ಪಟ್ಟಿ, ವೈಫೈಗೆ ಇನ್ನೊಂದು ಪಟ್ಟಿ ಇದೆ. ಜನ ಮೊದಲಿನದನ್ನು ಮಾತ್ರ ಖಾಲಿ ಮಾಡುತ್ತಾರೆ. ಎರಡನೆಯದರಲ್ಲಿ ಫೋಟೋ, ಆಡಿಯೋ, ವಿಡಿಯೋ, ಡಾಕ್ಯುಮೆಂಟು ಎಲ್ಲಕ್ಕೂ ಟಿಕ್ ಹಾಗೆಯೇ ಇರುತ್ತದೆ. ಯೂಟ್ಯೂಬಿನಲ್ಲೂ ಮೊಬೈಲಿಗೊಂದು, ವೈಫೈಗೊಂದು ಗುಣಮಟ್ಟದ ಆಯ್ಕೆ. ಹಾಟ್‌ಸ್ಪಾಟಿನಲ್ಲಿ ಬದುಕುವ ಸಾಧನದಲ್ಲಿ ಎರಡೂ ಕಡೆ ‘ಡೇಟಾ ಸೇವರ್’ ಇರಬೇಕು.

2. ಲ್ಯಾಪ್‌ಟಾಪಿಗೆ ಎರಡು ಕಡೆ ಹೇಳಬೇಕು

ಐದರಲ್ಲಿ ಅತಿ ಹೊಟ್ಟೆಬಾಕ ಇದೇ. ಅದು ತಿನ್ನುವುದು ನಮ್ಮ ಕಣ್ಣಿಗೆ ಬೀಳದು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್ ಅಪ್‌ಡೇಟು ಬಿಡುತ್ತದೆ. ಅಲ್ಲಿ ಬೆಳಿಗ್ಗೆ, ನಮಗೆ ರಾತ್ರಿ. ಹಾಗಾಗಿ ಆ ಬುಧವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಹಾಟ್‌ಸ್ಪಾಟಿಗೆ ಸೇರಿಸಿದರೆ ಕಾಫಿ ಮುಗಿಯುವಷ್ಟರಲ್ಲಿ ದಿನದ ಅರ್ಧ ಪಾಲು ಹೋಗಿರಬಹುದು. ಒನ್‌ಡ್ರೈವ್, ಅಡೋಬಿಯ ಅಪ್‌ಡೇಟರು, ಬ್ರೌಸರಿನಲ್ಲಿ ತೆರೆದೇ ಬಿಟ್ಟ ಟ್ಯಾಬುಗಳು ಇದರ ಜೊತೆಗೆ.

ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್’ಗೆ ಹೋಗಿ, ನಿಮ್ಮ ಹಾಟ್‌ಸ್ಪಾಟಿನ ಪ್ರಾಪರ್ಟೀಸ್ ತೆರೆದು, ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಬಹುಪಾಲು ಅಪ್‌ಡೇಟುಗಳು ಅಲ್ಲಿಗೆ ನಿಲ್ಲುತ್ತವೆ, ಒನ್‌ಡ್ರೈವ್ ಕೂಡ ತಡೆಯುತ್ತದೆ. ಈ ಗುರುತು ಲ್ಯಾಪ್‌ಟಾಪಿನ ಮೇಲಲ್ಲ, ಆ ವೈಫೈ ಹೆಸರಿನ ಮೇಲೆ ನಿಂತಿರುತ್ತದೆ. ಮಕ್ಕಳು ತಮಾಷೆಗೆ ಹಾಟ್‌ಸ್ಪಾಟಿನ ಹೆಸರು ಬದಲಿಸಿದರೆ ವಿಂಡೋಸಿಗೆ ಅದು ಹೊಸ ವೈಫೈ, ಗುರುತಿಲ್ಲ. ಯುಎಸ್‌ಬಿ ಕೇಬಲ್ಲಿನಲ್ಲಿ ಫೋನು ಜೋಡಿಸಿದರೆ ಅದು ವೈಫೈ ಪಟ್ಟಿಯಲ್ಲೇ ಬಾರದೆ ‘ಈಥರ್‌ನೆಟ್’ ಎಂದು ಕಾಣುತ್ತದೆ. ಅಲ್ಲೂ ಬೇರೆಯಾಗಿ ಮೀಟರ್ಡ್ ಹಾಕಬೇಕು. ತಿಳಿದವರೂ ಈ ಎರಡನೆಯದನ್ನು ಬಿಟ್ಟಿರುವುದನ್ನು ಕಂಡಿದ್ದೇನೆ.

ಅಪ್‌ಡೇಟನ್ನು ಶಾಶ್ವತವಾಗಿ ತಡೆದಿಡುವುದು ತಪ್ಪು. ಭದ್ರತೆಯ ತೇಪೆಗಳು ಅದರಲ್ಲೇ ಬರುತ್ತವೆ. ಶಿರಸಿ ಪೇಟೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವ ನೆಂಟರ ಮನೆಗೆ ತಿಂಗಳಿಗೊಮ್ಮೆ ಲ್ಯಾಪ್‌ಟಾಪು ಹೊತ್ತೇ ಹೋಗುತ್ತೇನೆ. ಊಟವೂ ಆಗುತ್ತದೆ.

3. ಜಿಬಿಯಲ್ಲಿ ಯೋಚಿಸಬೇಡಿ, ಗಂಟೆಯಲ್ಲಿ ಯೋಚಿಸಿ

ಒಂದು ಲೆಕ್ಕ ನೆನಪಿಟ್ಟರೆ ಸಾಕು: 1 ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ ಹರಿದ ಡೇಟಾ 450 ಎಂಬಿ. ವಿಡಿಯೋ ಕಾಲ್‌ನಲ್ಲಿ ಹೋಗುವುದು 1, ಬರುವುದು 1 ಎಂದಿಟ್ಟುಕೊಳ್ಳಿ. ಗಂಟೆಗೆ 900 ಎಂಬಿ ಆಯಿತು. ಕಳಿಸುವುದಕ್ಕೂ ಲೆಕ್ಕ ಬೀಳುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಪ್ರಕಾಶಕರ ಜೊತೆ ಮೀಟಿಂಗಿನಲ್ಲಿ ನನ್ನ ಮುಖ ಅವರಿಗೆ ಕಾಣಲೇಬೇಕೆಂದಿಲ್ಲ. ಕ್ಯಾಮೆರಾ ಆಫ್ ಮಾಡಿ ಪುಟ ಮಾತ್ರ ತೋರಿಸುತ್ತೇನೆ. ನೆಟ್‌ಫ್ಲಿಕ್ಸ್ ಕೊಡುವ ಅಂದಾಜಿನ ಪ್ರಕಾರ ಕಡಿಮೆ ಗುಣಮಟ್ಟದಲ್ಲಿ ಗಂಟೆಗೆ 0.3 ಜಿಬಿ, ಎಚ್‌ಡಿಯಲ್ಲಿ 3 ಜಿಬಿವರೆಗೆ. ಒಂದೇ ಸಿನಿಮಾ, ಹತ್ತು ಪಟ್ಟು ಅಂತರ.

4. ಮನೆಯೊಳಗಿನ ಫೈಲು ಮನೆಯೊಳಗೇ ಓಡಾಡಲಿ

ಫೋನಿನಲ್ಲಿ ತೆಗೆದ 100 ಎಂಬಿ ವಿಡಿಯೋವನ್ನು ಪಕ್ಕದಲ್ಲೇ ಇರುವ ಲ್ಯಾಪ್‌ಟಾಪಿಗೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸಿದಿರಿ ಎನ್ನಿ. ಅದು ಫೋನಿನಿಂದ ಮೇಲಕ್ಕೆ ಹೋಗಿ, ಯಾವುದೋ ಸರ್ವರ್ ಮುಟ್ಟಿ, ಅದೇ ಫೋನಿನ ಹಾಟ್‌ಸ್ಪಾಟ್ ಮೂಲಕ ಕೆಳಗಿಳಿದು ಲ್ಯಾಪ್‌ಟಾಪ್ ಸೇರುತ್ತದೆ. ಎರಡು ಸಾಧನಗಳ ನಡುವೆ ಒಂದು ಗೇಣು ಅಂತರ. ಪ್ಯಾಕಿನಿಂದ ಕಳೆದದ್ದು ಸುಮಾರು 200 ಎಂಬಿ. ಬೇರೆ ಬೇರೆ ಸಿಮ್ ಇದ್ದವರಿಗೆ ಈ ಹೊಡೆತ ಎರಡು ಪ್ಯಾಕಿಗೆ ಹಂಚಿಹೋಗುತ್ತದೆ. ನಮಗೆ ಎರಡೂ ಒಂದೇ ಬೆನ್ನಿಗೆ. ಕುಟುಂಬದ ಗ್ರೂಪಿಗೆ ಬಂದ ಉಪನಯನದ ವಿಡಿಯೋವನ್ನು ಮೂರು ಸಾಧನಗಳಲ್ಲಿ ತೆರೆದರೆ ಮೂರು ಸಲ ಇಳಿಯುತ್ತದೆ.

ಮದ್ದು ಹಳೆಯದು: ಕೇಬಲ್ಲು ಅಥವಾ ಪೆನ್‌ಡ್ರೈವ್. ಹೊಸದು ಬೇಕೆಂದರೆ ಕ್ವಿಕ್ ಶೇರ್. ಆಂಡ್ರಾಯ್ಡಿನಿಂದ ಆಂಡ್ರಾಯ್ಡಿಗೆ, ವಿಂಡೋಸ್ ಲ್ಯಾಪ್‌ಟಾಪಿಗೆ ಕೂಡ, ನೆಟ್ ಮುಟ್ಟದೆ ಕಳಿಸುತ್ತದೆ. ಆ್ಯಪಲ್ ಬಳಗದವರಿಗೆ ಏರ್‌ಡ್ರಾಪ್ ಇದ್ದೇ ಇದೆ.

ಕಸುಬಿನ ಮಾತೊಂದು ಸೇರಿಸುತ್ತೇನೆ. ಪ್ರೆಸ್ಸಿಗೆ ಹೋಗುವ ಪಿಡಿಎಫ್ ಬೇರೆ, ಲೇಖಕರು ಪ್ರೂಫ್ ಓದುವ ಪಿಡಿಎಫ್ ಬೇರೆ. ಇನ್‌ಡಿಸೈನ್‌ನಲ್ಲಿ ‘ಸ್ಮಾಲೆಸ್ಟ್ ಫೈಲ್ ಸೈಜ್’ ಎಂಬ ಸಿದ್ಧ ಆಯ್ಕೆಯೇ ಇದೆ. ಚಿತ್ರಗಳಿರುವ ಪುಸ್ತಕದಲ್ಲಿ ಎರಡಕ್ಕೂ ಅಜಗಜಾಂತರ. ಕಾಗುಣಿತ ನೋಡುವವರಿಗೆ ಮುದ್ರಣದ ಫೈಲು ಕಳಿಸುವುದು ಎರಡೂ ಕಡೆಯ ಡೇಟಾಕ್ಕೆ ದಂಡ.

5. ಟಿವಿಗೆ ನೆಟ್ ಕೊಡಬೇಡಿ, ಚಿತ್ರ ಕೊಡಿ

ಟಿವಿಯಲ್ಲಿ ಸಾಮಾನ್ಯವಾಗಿ ಮೀಟರ್ಡ್ ಎಂಬ ಗುಂಡಿಯೇ ಇರುವುದಿಲ್ಲ. ಅದರ ತೆರೆ ದೊಡ್ಡದು, ತನಗೆ ಸಿಗುವಷ್ಟೂ ಸ್ಪಷ್ಟ ಚಿತ್ರವನ್ನು ಎಳೆದುಕೊಳ್ಳುತ್ತದೆ. ಇಲ್ಲೊಂದು ಗೊಂದಲ ಎಲ್ಲರಿಗೂ ಇದೆ. ಫೋನಿನ ಯೂಟ್ಯೂಬಿನಲ್ಲಿ ‘ಕಾಸ್ಟ್’ ಒತ್ತಿದಾಗ ಫೋನು ಬರೀ ರಿಮೋಟ್ ಆಗುತ್ತದೆ. ವಿಡಿಯೋವನ್ನು ನೆಟ್ಟಿನಿಂದ ಎಳೆಯುವುದು ಟಿವಿಯೇ. ಫೋನಿನಲ್ಲಿ ನೀವಿಟ್ಟ ಡೇಟಾ ಸೇವರಿಗೆ ಅಲ್ಲಿ ಬೆಲೆಯಿಲ್ಲ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿದರೆ ಎಳೆಯುವುದು ಲ್ಯಾಪ್‌ಟಾಪು, ಟಿವಿ ಬರೀ ಪರದೆ. ಲ್ಯಾಪ್‌ಟಾಪಿನಲ್ಲಿ 480ಪಿ ಎಂದು ಆರಿಸಿದರೆ ಮುಗಿಯಿತು. ನಮ್ಮ ಜಗಲಿಯಲ್ಲಿ ಯಕ್ಷಗಾನ ಪ್ರಸಂಗಗಳು ಹೀಗೇ ನಡೆಯುತ್ತವೆ. ಇಡೀ ರಾತ್ರಿಯ ಆಟವನ್ನು ಎಚ್‌ಡಿಯಲ್ಲಿ ನೋಡಲು ಹೊರಟರೆ ಪೂರ್ವರಂಗ ಮುಗಿಯುವ ಹೊತ್ತಿಗೆ ನೆಟ್ ಖಾಲಿ. 480ಪಿಯಲ್ಲಿ ವೇಷದ ಕುಸುರಿ ಸ್ವಲ್ಪ ಮಸುಕಾಗಬಹುದು, ಭಾಗವತರ ಪದಕ್ಕೆ ಯಾವ ಊನವೂ ಇಲ್ಲ.

6. ದಿನದ ಕೋಟಾ ಲ್ಯಾಪ್‌ಟಾಪಿನ ಸ್ವಭಾವಕ್ಕೆ ಒಗ್ಗದು

ದಿನಕ್ಕೆ 1.5 ಅಥವಾ 2 ಜಿಬಿ ಎಂಬ ಪ್ಯಾಕುಗಳು ಒಬ್ಬ ಮನುಷ್ಯ, ಒಂದು ಫೋನು ಎಂಬ ಲೆಕ್ಕದವು. ಲ್ಯಾಪ್‌ಟಾಪಿನ ಖರ್ಚು ಹಾಗಿಲ್ಲ. ಮೂರು ದಿನ ಏನೂ ಬೇಡ, ನಾಲ್ಕನೇ ದಿನ ಒಂದೇ ಏಟಿಗೆ 4 ಜಿಬಿ ಬೇಕು. ಪ್ರಿಪೇಯ್ಡ್‌ನಲ್ಲಿ ಸಾಮಾನ್ಯವಾಗಿ ಮಿಕ್ಕ ಕೋಟಾ ನಡುರಾತ್ರಿ 12ಕ್ಕೆ ಲಯವಾಗುತ್ತದೆ, ನಾಳೆಗೆ ಬರುವುದಿಲ್ಲ. ಅದಕ್ಕೇ ದೊಡ್ಡ ಕೆಲಸಗಳನ್ನು ರಾತ್ರಿ 11ರ ಮೇಲೆ ಇಟ್ಟುಕೊಳ್ಳುತ್ತೇನೆ. 12ರ ಮೊದಲು ಈ ದಿನದ ಉಳಿಕೆಯಲ್ಲಿ ಅರ್ಧ, 12ರ ನಂತರ ಹೊಸ ದಿನದ ಪಾಲಿನಲ್ಲಿ ಇನ್ನರ್ಧ. ನಿದ್ದೆಗೆಡುವುದು ಬೇಡವೆಂದರೆ ದಿನದ ಮಿತಿಯಿಲ್ಲದ ಇಡಿಗಂಟಿನ ಪ್ಯಾಕು ಅಥವಾ ಉಳಿಕೆ ಮುಂದಿನ ತಿಂಗಳಿಗೆ ಸೇರುವ ಪೋಸ್ಟ್‌ಪೇಯ್ಡ್ ನೋಡಿ. ಜಿಬಿಯ ಬೆಲೆ ಹೋಲಿಸಿದರೆ ತುಟ್ಟಿ ಕಂಡೀತು, ಆದರೆ ಹಲವು ಸಾಧನಗಳ ಮನೆಗೆ ಇದೇ ಸರಿ ಎಂದು ನನ್ನ ಮತ.

ದಿನದ ಕೋಟಾ ಅರ್ಧ ಮುಗಿದಾಗ, ಶೇ. 90 ಮುಗಿದಾಗ ಕಂಪನಿಯಿಂದ ಮೆಸೇಜು ಬರುತ್ತದೆ. ಅರ್ಧದ ಮೆಸೇಜು ಊಟಕ್ಕೆ ಮೊದಲೇ ಬಂದರೆ ಯಾವುದೋ ಒಂದು ಸಾಧನ ಕದ್ದು ತಿನ್ನುತ್ತಿದೆ ಎಂದೇ ಅರ್ಥ. ಕೋಟಾ ದಾಟಿದ ಮೇಲೆ ಸಾಮಾನ್ಯವಾಗಿ ಸಿಗುವುದು 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 8 ಕೆಬಿ. 1 ಎಂಬಿ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು, 5 ಎಂಬಿ ಪ್ರೂಫಿಗೆ ಹತ್ತು ನಿಮಿಷ ದಾಟುತ್ತದೆ. ಆದರೂ ಬರೀ ಅಕ್ಷರದ ಮೆಸೇಜು ಹೋಗುತ್ತದೆ. ಆಗ ಮಿಕ್ಕ ಸಾಧನಗಳನ್ನು ಹಾಟ್‌ಸ್ಪಾಟಿನಿಂದ ಬಿಡಿಸಿ, ಉಳಿದ ಸಣ್ಣ ಎಳೆಯನ್ನು ಕೈಯ ಫೋನಿಗೊಂದಕ್ಕೇ ಬಿಡಬೇಕು.

7. 5ಜಿ ಇದ್ದರೆ ಸಿಮ್ಮು 5ಜಿ ಫೋನಿನಲ್ಲಿರಲಿ

2024ರ ಜುಲೈ ದರ ಏರಿಕೆಯ ಹೊತ್ತಿಗೆ ಜಿಯೋ, ಏರ್‌ಟೆಲ್ ಎರಡೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಿದವು. ಅಂಥ ಪ್ಯಾಕಿದ್ದು ಊರಿಗೆ 5ಜಿ ಬಂದಿದ್ದರೆ, ಟ್ಯಾಬು ಲ್ಯಾಪ್‌ಟಾಪುಗಳಿಗೆ 5ಜಿ ಇರಬೇಕೆಂದಿಲ್ಲ. ಹಾಟ್‌ಸ್ಪಾಟ್ ಕೊಡುವ ಫೋನಿಗಿದ್ದರೆ ಸಾಕು. ಕಣ್ಣು ಮಾತ್ರ ಆ ಫೋನಿನ 5ಜಿ ಗುರುತಿನ ಮೇಲಿರಲಿ. ಜಗಲಿಯಲ್ಲಿ 5ಜಿ ತೋರಿಸಿದ ಫೋನು ಅಡುಗೆಮನೆಗೆ ಹೋದರೆ 4ಜಿಗೆ ಇಳಿಯುತ್ತದೆ, ಅಲ್ಲಿಂದ ಕೋಟಾ ಕರಗಲು ಶುರು.

8. ಹಾಟ್‌ಸ್ಪಾಟಿನ ಜಾಗ, ಕಾವು, ಗೋಡೆ

ಚಿರೇಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಸಿಗ್ನಲ್ ಸಿಗುವುದು ಮೆತ್ತಿನ ಕಿಟಕಿಯಲ್ಲಿ, ಕೆಲಸ ಕೆಳಗಿನ ಕೋಣೆಯಲ್ಲಿ. ಹಾಟ್‌ಸ್ಪಾಟಿನ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್ ಆರಿಸಿದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಗೋಡೆಗೆ ಹೆದರುತ್ತದೆ. (ಈ 5ಕ್ಕೂ 5ಜಿಯ 5ಕ್ಕೂ ಸಂಬಂಧವಿಲ್ಲ. ಅಂಗಡಿಯವರಿಗೂ ಇದು ಗೊಂದಲ.) ಲ್ಯಾಪ್‌ಟಾಪು ಪಕ್ಕದಲ್ಲೇ ಇದ್ದರೆ ವೈಫೈಗಿಂತ ಯುಎಸ್‌ಬಿ ಕೇಬಲ್ಲು ಲೇಸು, ಫೋನಿಗೆ ಚಾರ್ಜೂ ಆಗುತ್ತದೆ, ಕಾವೂ ಕಡಿಮೆ. ಹಾಟ್‌ಸ್ಪಾಟ್ ಹಾಕಿಕೊಂಡೇ ಚಾರ್ಜಿಗಿಟ್ಟ ಫೋನಿನ ಕವರ್ ತೆಗೆಯಿರಿ, ಹಂಚಿನಿಂದ ಇಳಿಯುವ ಬಿಸಿಲಿನಲ್ಲಿ ಇಡಬೇಡಿ. ಬ್ಯಾಟರಿ ಉಬ್ಬಿದ ಹಳೆಯ ಫೋನನ್ನು ಈ ಕೆಲಸಕ್ಕೆ ಹಚ್ಚಲೇಬೇಡಿ.

9. ಓಟಿಪಿಯ ಸಿಮ್ಮು ಕೈಯಲ್ಲೇ ಇರಲಿ

ಹಳೆಯ ಫೋನಿಗೆ ಸಿಮ್ ಹಾಕಿ ಮೆತ್ತಿನಲ್ಲಿಟ್ಟರೆ ಮನೆತುಂಬ ನೆಟ್ಟು. ಆದರೆ ಬ್ಯಾಂಕಿನ ಓಟಿಪಿ ಬಂದಾಗಲೆಲ್ಲ ಏಣಿ ಹತ್ತಬೇಕು. ಯುಪಿಐಯ ಕಥೆ ಇನ್ನೂ ಕಷ್ಟ. ನೋಂದಣಿಯ ಹೊತ್ತಿಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮು ಅದೇ ಫೋನಿನೊಳಗಿರಬೇಕು. ಆದ್ದರಿಂದ ನಂಬರು ಮತ್ತು ಡೇಟಾವನ್ನು ಬೇರೆ ಮಾಡಿದ್ದೇನೆ. ಬ್ಯಾಂಕಿನ ಸಿಮ್ಮು ಕೈಯ ಫೋನಿನಲ್ಲಿ, ಡೇಟಾದ ಸಿಮ್ಮು ಮೆತ್ತಿನ ಫೋನಿನಲ್ಲಿ. ಹಾಟ್‌ಸ್ಪಾಟಿನ ವೈಫೈ ಮೇಲೆಯೇ ಯುಪಿಐ ನಡೆಯುತ್ತದೆ. ಎರಡೆರಡು ಕರೆನ್ಸಿ ಯಾಕೆ ಹಾಕಿಸಬೇಕು ಎಂಬ ಪ್ರಶ್ನೆಗೆ 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಒಂದು ದಾರಿ ತೆರೆಯಿತು: ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನೂ ಕೊಡಬೇಕೆಂದು ಕಂಪನಿಗಳಿಗೆ ಹೇಳಿತು. ಕೈಯ ಸಿಮ್ಮಿಗೆ ಅಂಥದ್ದು ಸಾಕು. ಅಂಗಡಿಯಲ್ಲಿ ಬಾಯಿಬಿಟ್ಟು ಕೇಳದಿದ್ದರೆ ಯಾರೂ ಹೇಳುವುದಿಲ್ಲ.

10. ನೆಂಟರು ಮತ್ತು ಪಾಸ್‌ವರ್ಡು

ಬೇಸಿಗೆ ರಜೆಗೆ ಬಂದ ಅಳಿಯಂದಿರು ಚಪ್ಪಲಿ ಬಿಡುವ ಮೊದಲೇ ಕೇಳುವುದು, ‘ಮಾವಾ, ಪಾಸ್‌ವರ್ಡ್ ಎಂತದು?’ ಇಲ್ಲವೆನ್ನುವುದು ನಮ್ಮ ಕಡೆಯ ರೀತಿಯಲ್ಲ. ಎಷ್ಟು ಸಾಧನಗಳು ಸೇರಬಹುದು ಎಂಬ ಮಿತಿ ಬಹಳಷ್ಟು ಫೋನುಗಳ ಹಾಟ್‌ಸ್ಪಾಟಿನಲ್ಲಿದೆ, ಕೆಲವದರಲ್ಲಿ ಎಷ್ಟು ಎಂಬಿಯಾದ ಮೇಲೆ ನಿಲ್ಲಬೇಕೆಂದೂ ಹೇಳಬಹುದು. ಮಿತಿ ಹಾಕಿಯೇ ಕೊಡುತ್ತೇನೆ. ಬೆಂಗಳೂರಿನಿಂದ ಬಂದ ಅವರ ಫೋನುಗಳಲ್ಲಿ ಪ್ರವಾಸದ ಫೋಟೋಗಳೆಲ್ಲ ಬ್ಯಾಕಪ್ಪಿಗೆ ಸಾಲುಗಟ್ಟಿ ನಿಂತಿರುತ್ತವೆ. ಅದನ್ನು ಮೊದಲು ನಿಲ್ಲಿಸಲು ಹೇಳುತ್ತೇನೆ. ಅವರೆಲ್ಲ ಹೊರಟ ಮೇಲೆ ಪಾಸ್‌ವರ್ಡ್ ಬದಲಿಸಿ, ಹೆಸರು ಮುಟ್ಟಬೇಡಿ. ಹಳೆಯ ಪಾಸ್‌ವರ್ಡಿನಲ್ಲಿ ಸೇರಲಾಗದ ಲ್ಯಾಪ್‌ಟಾಪಿನಲ್ಲಿ ‘ಫರ್ಗೆಟ್’ ಒತ್ತಿ ಹೊಸದಾಗಿ ಸೇರಿಸಿದ್ದರೆ ಮೀಟರ್ಡ್ ಗುರುತೂ ಅಳಿಸಿಹೋಗಿರುತ್ತದೆ, ಅದನ್ನು ಮತ್ತೆ ಹಾಕಿಬಿಡಿ.